ಫಲಕದಲ್ಲಿ ಕನ್ನಡ, ಡಬ್ಬಿಯಲ್ಲಿ ಮೌನ

ಕಳೆದ ಮಳೆಗಾಲದಲ್ಲಿ ನಮ್ಮ ಬಳಗದ ಸಭೆಗೊಂದು ಬಟ್ಟೆಯ ಫಲಕ ಮಾಡಿಸುವ ಸಲುವಾಗಿ ಘಟ್ಟದ ಬುಡದಿಂದ ಇಳಿದು ಉದ್ಯಾವರದ ಹೆದ್ದಾರಿ ಬದಿಯ ಅಂಗಡಿಯೊಂದಕ್ಕೆ ಹೋಗಿದ್ದೆ. ಹೊರಗೆ ಜಡಿಮಳೆ, ಇರಚಲು ಒಳಗೆ ಬಾರದಿರಲೆಂದು ಬಾಗಿಲು ಮುಚ್ಚಿತ್ತು. ಒಳಗೆ ಕಾಲಿಟ್ಟೊಡನೆ ಕಣ್ಣು ಉರಿಯಿತು. ಒಂದು ಮೂಲೆಯಲ್ಲಿ ಮುದ್ರಣ ಯಂತ್ರ ಯಾವುದೋ ಬ್ರಹ್ಮಕಲಶೋತ್ಸವದ ಶುಭಾಶಯವನ್ನು ಉರುಳುರುಳಾಗಿ ಹೊರಹಾಕುತ್ತಿತ್ತು. ಇನ್ನೊಂದು ಮೂಲೆಯಲ್ಲಿ ಹತ್ತೊಂಬತ್ತು ಇಪ್ಪತ್ತರ ಹುಡುಗನೊಬ್ಬ ಅಕ್ರಿಲಿಕ್ ಅಕ್ಷರಗಳನ್ನು ಅಂಟಿಸುತ್ತಿದ್ದ. ನೀರಿನಷ್ಟೇ ತೆಳುವಾದ ಅಂಟು ತಂಪು ಪಾನೀಯದ ಹಳೆಯ ಬಾಟಲಿಯಲ್ಲಿತ್ತು. ಅದನ್ನು ಸಿರಿಂಜಿಗೆ ಎಳೆದುಕೊಂಡು ಸಂದಿಗಳಿಗೆ ಬಿಡುತ್ತಿದ್ದ.

"ಇದು ಎಂಥದು ತಮ್ಮಾ?" ಎಂದೆ.

"ಅಕ್ರಿಲಿಕ್ ಗಮ್ ಸರ್."

"ಅದರಲ್ಲಿ ಏನೇನು ಉಂಟು?"

"ಅದು ಗೊತ್ತಿಲ್ಲ ಸರ್. ಧಣಿಗಳು ಕ್ಯಾನಿನಲ್ಲಿ ತರಿಸುವುದು, ನಾವು ಇದಕ್ಕೆ ಹೊಯ್ದುಕೊಳ್ಳುವುದು."

ವಿಚಾರಿಸಿದರೆ ಹೆಬ್ರಿ ಕಡೆಯ ಹುಡುಗ. ಸಂಜೆಯಾಗುವಾಗ ತಲೆ ಭಾರವಾಗುತ್ತದೆ, ಬಸ್ಸಿನಲ್ಲಿ ಕಿಟಕಿಯ ಬದಿಗೆ ಕುಳಿತರೆ ಊರು ಮುಟ್ಟುವಷ್ಟರಲ್ಲಿ ಸರಿಯಾಗುತ್ತದೆ ಎಂದ.

ಅಕ್ರಿಲಿಕ್ ಹಾಳೆಗಳನ್ನು ಅಂಟಿಸಲು ನಮ್ಮ ಪೇಟೆಗಳಲ್ಲಿ ಸಾಮಾನ್ಯವಾಗಿ ಬಳಕೆಯಾಗುವ ತೆಳು ದ್ರವ ಕ್ಲೋರೋಫಾರಂ ಅಥವಾ ಡೈಕ್ಲೋರೋಮಿಥೇನ್. ಮೊದಲನೆಯದು ಹಿಂದೆ ಶಸ್ತ್ರಚಿಕಿತ್ಸೆಗೆ ಮುನ್ನ ಪ್ರಜ್ಞೆ ತಪ್ಪಿಸಲು ಬಳಸುತ್ತಿದ್ದ ವಸ್ತು. ಯಕೃತ್ತನ್ನು ಹಾಳುಗೆಡಹುತ್ತದೆಂಬುದು ಅದನ್ನು ಕೈಬಿಡಲು ಒಂದು ಕಾರಣ. ಎರಡನೆಯದು ಉಸಿರಿನೊಡನೆ ಒಳಹೊಕ್ಕ ಮೇಲೆ ದೇಹದೊಳಗೇ ಕಾರ್ಬನ್ ಮೊನಾಕ್ಸೈಡ್ ಆಗಿ ಮಾರ್ಪಡುತ್ತದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡವಿಟ್ಟು ಮಲಗಿದವರನ್ನು ಕೊಲ್ಲುವ ಅನಿಲವೇ ಅದು. ಡೈಕ್ಲೋರೋಮಿಥೇನಿನ ಹೆಚ್ಚಿನ ಬಳಕೆಗಳನ್ನು ನಿಷೇಧಿಸುವ ನಿಯಮವನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2024ರಲ್ಲಿ ಹೊರಡಿಸಿತು. ಎರಡರ ಆವಿಯೂ ಗಾಳಿಗಿಂತ ಭಾರ. ನೆಲದ ಮಟ್ಟದಲ್ಲಿ ಸಂಗ್ರಹವಾಗುತ್ತದೆ, ಚಕ್ಕಳಮಕ್ಕಳ ಹಾಕಿ ಕೆಲಸ ಮಾಡುವವನ ಮೂಗಿನ ಮಟ್ಟದಲ್ಲಿ. ಮುಖಕ್ಕೆ ಕಟ್ಟಿದ ಕರವಸ್ತ್ರ ಧೂಳನ್ನು ತಡೆದೀತು, ಆವಿಯನ್ನು ತಡೆಯಲಾರದು. ಆ ಹುಡುಗನ ಬಾಟಲಿಯಲ್ಲಿ ಎರಡರಲ್ಲಿ ಯಾವುದಿತ್ತು? ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಾಗಲಿಲ್ಲ. ಆಪತ್ತಿನಲ್ಲಿ ಅವನನ್ನು ಮಣಿಪಾಲಕ್ಕೆ ಕರೆದೊಯ್ದರೆ ವೈದ್ಯರು ಮೊದಲು ಕೇಳುವುದು ಅದನ್ನೇ. ಬಾಯಾರಿದವನೊಬ್ಬ ಆ ಬಾಟಲಿಯನ್ನು ಎತ್ತಿಕೊಂಡರೆ ಏನಾದೀತೆಂಬುದನ್ನು ನೀವೇ ಊಹಿಸಿ.

ಯಂತ್ರದ ಬಣ್ಣದ ಕತೆಯೂ ಹೀಗೆಯೇ. ಫ್ಲೆಕ್ಸಿಗೆ ಬಳಸುವ ಸಾಲ್ವೆಂಟ್ ಇಂಕಿನಲ್ಲಿ ಬಣ್ಣಕ್ಕಿಂತ ದ್ರಾವಕವೇ ಹೆಚ್ಚು. ಸೈಕ್ಲೋಹೆಕ್ಸನೋನ್ ಮೊದಲಾದ ಈ ದ್ರಾವಕಗಳು ಕಣ್ಣು ಗಂಟಲುಗಳನ್ನು ಉರಿಸುವಂಥವು. ಬಣ್ಣ ಒಣಗಿತೆಂದರೆ ಅವು ಕೋಣೆಯ ಗಾಳಿಗೆ ಸೇರಿದವೆಂದೇ ಅರ್ಥ. ಲೇಸರಿನಲ್ಲಿ ಅಕ್ರಿಲಿಕ್ ಕತ್ತರಿಸಬಹುದು, ವಿನೈಲ್ ಸ್ಟಿಕ್ಕರನ್ನಾಗಲಿ ಪಿ.ವಿ.ಸಿ. ಹಲಗೆಯನ್ನಾಗಲಿ ಕತ್ತರಿಸಲೇಬಾರದು, ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಡುತ್ತದೆ. ಅದು ಯಂತ್ರದ ಲೋಹವನ್ನೂ ತಿನ್ನುತ್ತದೆ, ಶ್ವಾಸಕೋಶವನ್ನೂ ತಿನ್ನುತ್ತದೆ. ತುಕ್ಕು ಮಾತ್ರ ಧಣಿಯ ಕಣ್ಣಿಗೆ ಬೀಳುತ್ತದೆ.

ಹಾಗೆಂದು ಕೈಯಿಂದ ಬೋರ್ಡು ಬರೆಯುತ್ತಿದ್ದ ಕಾಲ ನಿರ್ಮಲವಾಗಿತ್ತೆಂದು ನಾನು ಹೇಳಲಾರೆ. ಆ ಕಲಾವಿದರ ಹೊಳೆಯುವ ಹಳದಿಯಲ್ಲಿ ಎಷ್ಟೋ ಸಲ ಇದ್ದದ್ದು ಸೀಸದ ಕ್ರೋಮೇಟು. ಟರ್ಪೆಂಟೈನಿನಲ್ಲಿ ಕೈ ತೊಳೆದು ಅದೇ ಬೆರಳುಗಳಲ್ಲಿ ಬೀಡಿ ಹಚ್ಚುತ್ತಿದ್ದರು. ಮನೆಬಳಕೆಯ ಹಾಗೂ ಅಲಂಕಾರದ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅಷ್ಟರಲ್ಲಿ ಆ ಕಲಾವಿದರಲ್ಲಿ ಹೆಚ್ಚಿನವರು ಕುಂಚ ಕೆಳಗಿಟ್ಟಾಗಿತ್ತು.

ಕಾನೂನು ಇಲ್ಲವೆಂದಲ್ಲ. 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳು ಸುರಕ್ಷತಾ ಮಾಹಿತಿ ಪತ್ರವನ್ನು ಕೇಳುತ್ತವೆ, ಡಬ್ಬಿಯ ಮೇಲೆ ಒಳಗಿನ ವಸ್ತುವಿನ ಗುರುತು ಇರಬೇಕೆನ್ನುತ್ತವೆ. ಭೋಪಾಲದ ದುರಂತದ ಬಳಿಕ 1987ರಲ್ಲಿ ಕಾರ್ಖಾನೆಗಳ ಕಾಯಿದೆಗೆ ಮಾಡಿದ ತಿದ್ದುಪಡಿಯು ಕಾರ್ಮಿಕರಿಗೆ ಅಪಾಯದ ವಿವರವನ್ನು ತಿಳಿಸುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತು. ಆದರೆ ಆ ಕಾಯಿದೆಯ ಲೆಕ್ಕದಲ್ಲಿ ವಿದ್ಯುತ್ ಬಳಸುವ ಕಡೆ ಹತ್ತು ಮಂದಿ ಇದ್ದರೆ ಮಾತ್ರ ಅದು ಕಾರ್ಖಾನೆ. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಅದನ್ನು ಇಪ್ಪತ್ತಕ್ಕೆ ಏರಿಸಿತು. ನಾಲ್ಕು ಹುಡುಗರು ದುಡಿಯುವ ಅಂಗಡಿ ಯಾವ ಲೆಕ್ಕಕ್ಕೂ ಸಿಗದು. ಇನ್ನು ತಯಾರಕರು ಕೊಡುವ ಮಾಹಿತಿ ಪತ್ರ: ಹದಿನಾರು ವಿಭಾಗಗಳು, ನಾಲ್ಕನೆಯದರಲ್ಲಿ ಪ್ರಥಮ ಚಿಕಿತ್ಸೆ, ಎಂಟನೆಯದರಲ್ಲಿ ಗಾಳಿ ಬೆಳಕು ಕೈಗವಸುಗಳ ವಿಷಯ, ಎಲ್ಲವೂ ಇಂಗ್ಲಿಷಿನಲ್ಲಿ. ಕೇಳಿ ಪಡೆದವರಾದರೂ ಯಾರು?

ಇಲ್ಲಿಯೇ ಒಂದು ವಿಪರ್ಯಾಸವಿದೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯಿದೆಗೆ 2024ರಲ್ಲಿ ತಂದ ತಿದ್ದುಪಡಿಯಂತೆ ನಾಮಫಲಕಗಳಲ್ಲಿ ಶೇಕಡಾ 60ರಷ್ಟು ಕನ್ನಡ ಇರಲೇಬೇಕು. ಸಂತೋಷ. ಹಳೆಯ ಫಲಕಗಳನ್ನು ಕಿತ್ತು ಹೊಸತನ್ನು ಮಾಡಿಸುವ ಕೆಲಸ ಇದೇ ಹುಡುಗರ ಕೈಗೆ ಬಂತು. ಅವರು ದೊಡ್ಡದಾಗಿ ಕನ್ನಡ ಅಕ್ಷರಗಳನ್ನು ಕತ್ತರಿಸಿ ಅಂಟಿಸುತ್ತಾರೆ. ಅಂಟಿನ ಡಬ್ಬಿಯ ಮೇಲೆ 'ವಿಷ' ಎಂಬ ಒಂದು ಕನ್ನಡ ಪದವಿಲ್ಲ.

ತಿಳಿಯದೆ ಉಸಿರಾಡುವುದರ ಬೆಲೆ ಏನೆಂದು ಈ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾಸರಗೋಡಿನ ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುತ್ತಿದ್ದಾಗ, ಬೆಳ್ತಂಗಡಿಯ ಕೊಕ್ಕಡದ ಕಡೆಯೂ ಅದನ್ನೇ ಸಿಂಪಡಿಸುತ್ತಿದ್ದಾಗ, ಕೆಳಗಿದ್ದವರಿಗೆ ಅದು ಬರಿಯ 'ಮದ್ದು' ಆಗಿತ್ತು. ಪಡ್ರೆಯ ಕರುಗಳ ಕಾಲುಗಳು ಸೊಟ್ಟಗಾದದ್ದನ್ನು ಶ್ರೀ ಪಡ್ರೆಯವರು ಎಂಬತ್ತರ ದಶಕದ ಆರಂಭದಲ್ಲಿಯೇ ಬರೆದರು. ಸರ್ವೋಚ್ಚ ನ್ಯಾಯಾಲಯದ ತಡೆ ಬಂದದ್ದು 2011ರಲ್ಲಿ.

ಇದು ಕೆಳಗಿನ ಪೇಟೆಯವರ ಸಮಸ್ಯೆ, ನಮಗೇನು ಎನ್ನುವ ಹಳ್ಳಿಯ ಓದುಗರು ತಮ್ಮ ಕೊಟ್ಟಿಗೆಯ ಮಾಡನ್ನೊಮ್ಮೆ ನೋಡಬೇಕು. ಉತ್ಸವ ಮುಗಿದ, ಚುನಾವಣೆ ಮುಗಿದ ಫ್ಲೆಕ್ಸುಗಳು ಘಟ್ಟದ ಬುಡಕ್ಕೇ ಬರುತ್ತವೆ. ಕಟ್ಟಿಗೆಯ ರಾಶಿಗೆ ಹೊದಿಕೆ, ಕೊಟ್ಟಿಗೆಗೆ ಮರೆ. ಇಷ್ಟಕ್ಕೆ ನನ್ನ ಆಕ್ಷೇಪವಿಲ್ಲ, ಬಡವನಿಗೆ ಟರ್ಪಾಲಿನ ಖರ್ಚು ಉಳಿಯಿತು. ಆದರೆ ಅದರ ಮೇಲೆ ಹಲಸಿನ ಹಪ್ಪಳ ಒಣಗಿಸುತ್ತೇವೆ, ಕೊಬ್ಬರಿ ಹರವುತ್ತೇವೆ. ಫ್ಲೆಕ್ಸು ಎಂಬುದು ಪಾಲಿಯೆಸ್ಟರ್ ಬಲೆಗೆ ಲೇಪಿಸಿದ ಪಿ.ವಿ.ಸಿ. ಅದನ್ನು ಮೆದುವಾಗಿಸಲು ಸಾಮಾನ್ಯವಾಗಿ ಬೆರೆಸುವ ಥ್ಯಾಲೇಟುಗಳು ಅಲ್ಲಿಯೇ ಗಟ್ಟಿಯಾಗಿ ನಿಲ್ಲುವುದಿಲ್ಲ. ಎಣ್ಣೆ ಜಿಡ್ಡು ಸಿಕ್ಕಿದಲ್ಲಿ ಅದಕ್ಕೆ ಇಳಿಯುತ್ತವೆ. ಕೊಬ್ಬರಿಗಿಂತ ಜಿಡ್ಡಿನ ವಸ್ತು ಬೇರೆ ಯಾವುದಿದೆ? ಕೊನೆಗೆ ಹರಿದ ಚೂರುಗಳು ಬಚ್ಚಲಿನ ಹಂಡೆಯ ಒಲೆಗೆ ಹೋಗುತ್ತವೆ, ಮಳೆಗಾಲದ ಹಸಿ ಕಟ್ಟಿಗೆ ಹೊತ್ತಿಸಲು ಅದಕ್ಕಿಂತ ಸುಲಭವಾದದ್ದಿಲ್ಲ. ಶುದ್ಧ ಪಿ.ವಿ.ಸಿ.ಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್. ಅರೆಬೆಂದ ಹೊಗೆಯಲ್ಲಿ ಆಮ್ಲದ ಅನಿಲವೂ ಡಯಾಕ್ಸಿನ್ ಎಂಬ ವಿಷಗಳ ಗುಂಪೂ ಹುಟ್ಟುತ್ತವೆ. ಬೂದಿ ತೆಂಗಿನ ಬುಡಕ್ಕೆ, ಬಸಳೆಯ ಬುಡಕ್ಕೆ. ಡಯಾಕ್ಸಿನ್ ಮಣ್ಣಿನಲ್ಲಿ ಬೇಗನೆ ಕರಗಿಹೋಗುವುದಿಲ್ಲ. ಹುಲ್ಲಿನಿಂದ ಹಸುವಿಗೆ, ಹಸುವಿನಿಂದ ಹಾಲಿನ ಕೊಬ್ಬಿಗೆ ಸೇರುತ್ತದೆ.

ಫ್ಲೆಕ್ಸನ್ನು ನಿಷೇಧಿಸಿಯಾಗಿದೆಯಲ್ಲ ಎನ್ನುವವರಿದ್ದಾರೆ. ಹೌದು, ಕರ್ನಾಟಕ ಸರ್ಕಾರದ ಆದೇಶ 2016ರ ಮಾರ್ಚ್ 11ರಂದೇ ಹೊರಟಿತು. ಫ್ಲೆಕ್ಸು ಹೋಗಲಿಲ್ಲ, ಅದನ್ನು ಮಾಡುವ ಕೆಲಸ ಮಾತ್ರ ಅರ್ಧ ಬಚ್ಚಿಟ್ಟ ಕೆಲಸವಾಯಿತು. ಇಲ್ಲವೆಂದೇ ಲೆಕ್ಕವಾದ ವಸ್ತುವಿನ ಸುರಕ್ಷತೆಯನ್ನು ಯಾವ ಅಧಿಕಾರಿ ಬಂದು ವಿಚಾರಿಸುತ್ತಾನೆ? ಧಣಿಯೂ ಬಾಗಿಲು ತೆರೆದಿಡಲು ಅಳುಕುತ್ತಾನೆ. ನಿಷೇಧ ಸಡಿಲವಾಗಲಿ ಎಂಬುದು ನನ್ನ ಮಾತಲ್ಲ. ಆದರೆ ಜಪ್ತಿಯ ದಿನದ ಫೋಟೊದಲ್ಲಿ ಮುಗಿದುಹೋಗುವ ನಿಷೇಧ ಆ ಹುಡುಗನ ತಲೆಭಾರವನ್ನು ಇಳಿಸಿಲ್ಲ. ನಮ್ಮ ಬಳಗದ ಬಟ್ಟೆಯ ಫಲಕವೂ, ತಂದು ನೋಡಿದರೆ, ಪಾಲಿಯೆಸ್ಟರೇ ಆಗಿತ್ತು.

ಅಂಗಡಿಗಳಿಗೆ ವ್ಯಾಪಾರ ಪರವಾನಿಗೆ ಕೊಡುವುದು, ನವೀಕರಿಸುವುದು ಗ್ರಾಮ ಪಂಚಾಯತು. ಆ ನವೀಕರಣಕ್ಕೆ ಒಂದು ಷರತ್ತು ಸೇರಿಸಲೆಂದು ಗ್ರಾಮಸಭೆಯಲ್ಲಿ ಕೇಳಬಹುದು: ಬಳಸುವ ಪ್ರತಿಯೊಂದು ದ್ರವದ ಹೆಸರು, ಅಪಾಯ, ಪ್ರಥಮ ಚಿಕಿತ್ಸೆ ಇವಿಷ್ಟು ಕನ್ನಡದಲ್ಲಿ ಗೋಡೆಯ ಮೇಲೆ ಇರಲಿ, ನೆಲಮಟ್ಟದ ಗಾಳಿಯನ್ನು ಹೊರದೂಡುವ ಫ್ಯಾನೊಂದಿರಲಿ, ಕುಡಿಯುವ ಬಾಟಲಿಗೆ ರಾಸಾಯನಿಕ ಹೊಯ್ಯುವುದು ನಿಲ್ಲಲಿ. ಬೋರ್ಡು ಮಾಡುವ ಅಂಗಡಿಗೆ ಬೋರ್ಡಿನ ಖರ್ಚು ಒಂದು ಖರ್ಚಲ್ಲ. ಕನ್ನಡಕ್ಕೆ ತರುವ ಕೆಲಸವನ್ನು ರಸಾಯನಶಾಸ್ತ್ರ ಓದುವ ನಮ್ಮ ವಿದ್ಯಾರ್ಥಿಗಳು ವಹಿಸಿಕೊಳ್ಳಬಹುದು. ಹದಿನಾರೂ ವಿಭಾಗ ಬೇಡ, ಎರಡು, ನಾಲ್ಕು, ಏಳು, ಎಂಟು ಸಾಕು.

ಅದಕ್ಕೆ ಮೊದಲು ಯಾವ ಅಂಗಡಿಯಲ್ಲಿ ಏನು ಬಳಕೆಯಲ್ಲಿದೆಯೆಂದು ತಿಳಿಯಬೇಕು. ನಿಮ್ಮ ಮನೆಯ ಹುಡುಗರು ಉದ್ಯಾವರ, ಕಾಪು, ಕಾರ್ಕಳದ ಇಂಥ ಅಂಗಡಿಗಳಲ್ಲಿ ದುಡಿಯುತ್ತಿದ್ದರೆ ಡಬ್ಬಿಯ ಮೇಲಿನ ಚೀಟಿಯ ಚಿತ್ರವೊಂದನ್ನು ತೆಗೆದು ಬಳಗಕ್ಕೆ ತಲುಪಿಸಲಿ. ಚೀಟಿಯೇ ಇಲ್ಲದಿದ್ದರೆ ಬರಿಯ ಡಬ್ಬಿಯ ಚಿತ್ರವಾದರೂ ಸರಿ, ಅದನ್ನೂ ಅರ್ಜಿಗೆ ಲಗತ್ತಿಸೋಣ.