ಆಫ್ ಮಾಡಿ ಆನ್ ಮಾಡಿ ಸರ್

ಈ ಮಂತ್ರ ನಿಮಗೂ ಬಾಯಿಪಾಠ ಆಗಿರುತ್ತೆ. "ಮೋಡೆಮ್ ಆಫ್ ಮಾಡಿ, 30 ಸೆಕೆಂಡ್ ಬಿಟ್ಟು ಆನ್ ಮಾಡಿ ಸರ್." ಒಂದೂವರೆ ತಿಂಗಳಲ್ಲಿ ಕಸ್ಟಮರ್ ಕೇರ್ ಹೇಳಿದ್ದಕ್ಕೆ 11 ಸಲ ಹೀಗೆ ಮಾಡಿದೆ. 11 ಸಲವೂ ನೆಟ್ ಬಂತು, ಹಿಂದೆಯೇ ಕಂಪ್ಲೇಂಟ್ ಬಗೆಹರಿದಿದೆ ಅಂತ ಎಸ್ಸೆಮ್ಮೆಸ್ಸೂ ಬಂತು. ಸಂಜೆ ಮನೆಮಂದಿಯೆಲ್ಲ ಫೋನ್ ಹಿಡಿದು ಕೂತ ಹೊತ್ತಿಗೆ ಮತ್ತೆ ಹೋಯ್ತು.

ನಮ್ಮ ಆಫೀಸಲ್ಲಿ ಸರ್ವರ್ 5 ನಿಮಿಷ ಮಲಗಿದರೆ ಯಾಕೆ ಮಲಗಿತು ಅಂತ ಆರ್‌ಸಿಎ ಬರೆಯೋವರೆಗೂ ಬಿಡಲ್ಲ. "ರೀಸ್ಟಾರ್ಟ್ ಮಾಡಿದೆ, ಸರಿಹೋಯ್ತು" ಅಂತ ಬರೆದು ಕಳಿಸಿ ನೋಡೋಣ!

12ನೇ ಸಲ ಒಬ್ಬ ಹುಡುಗನನ್ನು ಕಳಿಸಿದರು. ಅಡಾಪ್ಟರಿನ ಪಿನ್ ಮೋಡೆಮ್ಮಿನಿಂದ ಕಿತ್ತು ಮೀಟರ್ ಇಟ್ಟ. "12 ವೋಲ್ಟ್ ಸರಿಯಾಗೇ ಬರ್ತಿದೆ ಸಾರ್, ನಿಮ್ಮನೆ ಕರೆಂಟೇ ಸರಿ ಇಲ್ಲ" ಅಂದು ಹೊರಟ. ಅವನ ತಪ್ಪಲ್ಲ, ಅವನಿಗೆ ಕಲಿಸಿದ್ದೇ ಅಷ್ಟು. ಹೊರೆ ಇಲ್ಲದೆ ನಿಲ್ಲಿಸಿದರೆ ಮುದಿ ಎತ್ತೂ ಗಟ್ಟಿಮುಟ್ಟಾಗೇ ಕಾಣುತ್ತೆ, ಗಾಡಿ ಕಟ್ಟಿ ದಿಣ್ಣೆ ಹತ್ತಿಸಿದಾಗಲ್ಲವೇ ಗೊತ್ತಾಗೋದು? ನಾಲ್ಕು ಫೋನು, ಎರಡು ಲ್ಯಾಪ್‌ಟಾಪು ಒಟ್ಟಿಗೆ ಎಳೆದಾಗ ವೋಲ್ಟೇಜ್ ಕುಸಿಯುತ್ತೆ, ಮೋಡೆಮ್ ತಾನೇ ರೀಸ್ಟಾರ್ಟ್ ಆಗುತ್ತೆ.

ಅವನು ಹೋದ ಮೇಲೆ ಅಡಾಪ್ಟರ್ ಬಿಚ್ಚಿದೆ. (ನೀವು ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಒಳಗೆ ಶಾಕ್ ಹೊಡೆಯುವಷ್ಟು ಉಳಿದಿರಬಹುದು.) ಒಂದು ಕೆಪಾಸಿಟರಿನ ತಲೆ ಉಬ್ಬಿತ್ತು. ಊರಲ್ಲಿ ಪಂಪ್‌ಸೆಟ್ ಗುಂಯ್ ಅಂದು ತಿರುಗದೆ ನಿಂತರೆ ನಮ್ಮಪ್ಪ ದೂರದಿಂದಲೇ "ಕಂಡೆನ್ಸರ್ ಹೋಗಿರ್ಬೇಕು ನೋಡ್ಲಾ" ಅಂತಾರೆ. ಆ ಕಂಡೆನ್ಸರಿನ ಜಾತಿ ಬೇರೆ, ಕೆಲಸ ಬೇರೆ. ಆದರೂ ಕೆಟ್ಟಿದ್ದೇನು ಅಂತ ಹುಡುಕುವ ಬುದ್ಧಿ ಅಪ್ಪನಿಗಿದೆ.

ಈ ಕೆಪಾಸಿಟರಿನೊಳಗಿನ ದ್ರವ ಬಿಸಿಗೆ ಒಣಗುತ್ತಾ ಹೋಗುತ್ತೆ. ಬಿಸಿ 10 ಡಿಗ್ರಿ ಏರಿದರೆ ಆಯಸ್ಸು ಹೆಚ್ಚುಕಮ್ಮಿ ಅರ್ಧ, ಇದು ಎಲೆಕ್ಟ್ರಾನಿಕ್ಸ್ ಓದಿದವರಿಗೆಲ್ಲ ಗೊತ್ತಿರೋ ಲೆಕ್ಕ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಟೀವಿ ಹಿಂದೆ, ದಿನಕ್ಕೆ 24 ಗಂಟೆ. ಸಾವಿರಗಟ್ಟಲೆ ಅಡಾಪ್ಟರ್ ಕೊಳ್ಳುವ ಕಂಪನಿಗೆ ಇದು ಯಾವಾಗ ಸಾಯುತ್ತೆ ಅಂತ ಕೊಳ್ಳುವಾಗಲೇ ಗೊತ್ತಿರಬೇಕು.

ಅದಕ್ಕಿಂತ ಸಿಟ್ಟು ಬರಿಸಿದ್ದು ಕಂಪ್ಲೇಂಟಿನ ಲೆಕ್ಕ. ಬ್ರಾಡ್‌ಬ್ಯಾಂಡ್ ಕೆಟ್ಟರೆ ನೂರಕ್ಕೆ 90 ದೂರು ಮರುದಿನದೊಳಗೆ ಸರಿಯಾಗಬೇಕು, ಮೂರು ಕೆಲಸದ ದಿನ ದಾಟಿದರೆ ಬಿಲ್ಲಲ್ಲಿ ಕಡಿತ ಕೊಡಬೇಕು ಅಂತ 2006ರಲ್ಲೇ ಟ್ರಾಯ್ ನಿಯಮ ಮಾಡಿತ್ತು. ಪ್ರತಿ ರೀಸ್ಟಾರ್ಟಿಗೂ ಕಂಪ್ಲೇಂಟ್ ಕ್ಲೋಸ್ ಮಾಡಿದರೆ ಮೂರು ದಿನ ದಾಟೋದಾದರೂ ಹೇಗೆ? ನನ್ನ 11 ದೂರುಗಳೂ ಅವರ ಪಟ್ಟಿಯಲ್ಲಿ "ಅದೇ ದಿನ ಸರಿಪಡಿಸಿದ್ದು". ನನಗೆ ಒಂದೂವರೆ ತಿಂಗಳ ರೋಗ, ಅವರಿಗೆ 11 ಮೆಡಲ್ಲು.

ನಂದೇ ಮೋಡೆಮ್ ಹಾಕ್ಕೋತೀನಿ ಅಂದೆ. ಆಗಲ್ವಂತೆ, ಅವರ ಡಬ್ಬಾನೇ ಬೇಕಂತೆ. ಜರ್ಮನಿಯಲ್ಲಿ 2016ರ ಆಗಸ್ಟಿನಿಂದ ಗ್ರಾಹಕ ತನ್ನದೇ ಮೋಡೆಮ್ ಹಾಕಿಕೊಳ್ಳಬಹುದು. ಇಲ್ಲಿ ಡಬ್ಬಾ ಅವರದ್ದು, ಡೆಪಾಸಿಟ್ ನನ್ನದು, ಕೆಟ್ಟರೆ ನಮ್ಮನೆ ಕರೆಂಟಿನ ತಪ್ಪು.

ನನಗೇನು, ಹಾಟ್‌ಸ್ಪಾಟ್ ಇದೆ, ಅದರ ಬಿಲ್ ಆಫೀಸ್ ಕೊಡುತ್ತೆ. ಕೆಳಗಿನ ಮನೆ ಮೇಡಂ ಸಂಜೆ ಹೊತ್ತು ಆನ್‌ಲೈನ್ ಟ್ಯೂಷನ್ ಮಾಡ್ತಾರೆ. ಅದೇ ಕಂಪನಿ, ಅದೇ ಡಬ್ಬಾ. ಪಾಠದ ಮಧ್ಯೆ ಪದೇಪದೇ ಮಾಯವಾಗ್ತಾರೆ ಅಂತ ಇಬ್ಬರು ಮಕ್ಕಳನ್ನ ಬಿಡಿಸಿದರು. "ನಂಗೇ ಇದನ್ನ ಸರಿಯಾಗಿ ಆಪರೇಟ್ ಮಾಡೋಕೆ ಬರಲ್ಲ ಅನ್ಸುತ್ತೆ ಕಣಪ್ಪ" ಅಂದರು ನನ್ನ ಹತ್ತಿರ. ಆಫ್ ಮಾಡಿ ಆನ್ ಮಾಡಿ ಅಂತ ನೂರು ಸಲ ಹೇಳಿಸಿಕೊಂಡವರಿಗೆ ಕೊನೆಗೆ ಉಳಿಯೋದು ಈ ಅನುಮಾನ.

ಶನಿವಾರ ಎಸ್.ಪಿ. ರೋಡಿಗೆ ಹೋಗಿ ಅದೇ ವೋಲ್ಟು, ಅದೇ ಆಂಪಿಯರಿನ ಎರಡು ಒಳ್ಳೆ ಅಡಾಪ್ಟರ್ ತಂದೆ. ಒಂದು ನನಗೆ, ಒಂದು ಮೇಡಂಗೆ. ಅವತ್ತಿಂದ ಇಬ್ಬರ ಮನೇಲೂ ನೆಟ್ ಹೋಗಿಲ್ಲ. ಇವತ್ತು ಬೆಳಿಗ್ಗೆ ಕಂಪನಿಯಿಂದ ಎಸ್ಸೆಮ್ಮೆಸ್ ಬಂದಿದೆ, ನಮ್ಮ ಸೇವೆಗೆ ಐದರಲ್ಲಿ ಎಷ್ಟು ಸ್ಟಾರ್ ಕೊಡ್ತೀರಿ ಅಂತ.