ಮೂಟೆ ಕಟ್ಟುವವರನ್ನು ಯಾರು ಕೇಳಬೇಕು?

ಚಿಕ್ಕಪೇಟೆಯ ಸಗಟು ಅಂಗಡಿಗೆ ಬರುವ ಸೂರತ್ ಸೀರೆಯ ಪಾರ್ಸೆಲ್ಲಿಗೆ ಬಿಲ್ಲುಂಟು, ಸಾಗಣೆ ರಸೀದಿಯುಂಟು, ಬೇಕೆಂದರೆ ವಿಮೆಯೂ ಉಂಟು. ಸೂರತ್ತಿನ ರಿಂಗ್ ರೋಡಿನ ಬಹುಮಹಡಿ ಮಾರುಕಟ್ಟೆಯಿಂದ ಅದನ್ನು ಹೊತ್ತು ಇಳಿಸಿದವನ ಬೆನ್ನಿಗೆ ಮಾತ್ರ ಯಾವ ಖಾತೆಯಲ್ಲೂ ಜಾಗವಿಲ್ಲ.

ಇದೇನೂ ಹೊಸ ದೂರಲ್ಲ. 1971ರಲ್ಲಿ ಅಹಮದಾಬಾದಿನ ಬಟ್ಟೆ ಮಾರುಕಟ್ಟೆಯ ಗಾಡಿ ಎಳೆಯುವ, ತಲೆಹೊರೆ ಹೊರುವ ಹೆಂಗಸರು ಕಾರ್ಮಿಕ ಸಂಘಟಕಿ ಇಳಾ ಭಟ್ ಅವರ ಮುಂದೆ ತಮ್ಮ ಕಷ್ಟ ಹೇಳಿಕೊಂಡಿದ್ದರು. ಕೂಲಿ ಒಂದು ಸುತ್ತಿಗೆ ಇಷ್ಟು ಎಂದು. ಹೊರೆ ಎಷ್ಟು ಭಾರ, ದಾರಿ ಎಷ್ಟು ದೂರ ಎಂಬುದು ಲೆಕ್ಕಕ್ಕಿರಲಿಲ್ಲ. ಇಳಾ ಭಟ್ ಪತ್ರಿಕೆಯಲ್ಲಿ ಬರೆದರು. ತಾವು ನ್ಯಾಯವಾದ ಕೂಲಿಯನ್ನೇ ಕೊಡುತ್ತಿದ್ದೇವೆ ಎಂದು ವ್ಯಾಪಾರಿಗಳೂ ಬರೆದರು. ಆ ಉತ್ತರವನ್ನೇ ಕಾರ್ಡುಗಳಲ್ಲಿ ಅಚ್ಚು ಹಾಕಿಸಿ ಹೆಂಗಸರ ಕೈಗೆ ಕೊಟ್ಟದ್ದು ಭಟ್ ಅವರ ಜಾಣ್ಮೆ. ಮರುವರ್ಷ ಏಪ್ರಿಲ್‌ನಲ್ಲಿ ಇಂಥ ದುಡಿಯುವ ಹೆಂಗಸರ ಸಂಘ 'ಸೇವಾ' ನೋಂದಣಿಯಾಯಿತು.

ಕಾನೂನು ಇಲ್ಲವೆನ್ನುವಂತಿಲ್ಲ. ಗಾಯವಾಗುವಷ್ಟು ಭಾರ ಹೊರಿಸಬಾರದೆಂದು 1948ರ ಕಾರ್ಖಾನೆ ಕಾಯ್ದೆಯ 34ನೇ ಕಲಮು ಹೇಳಿತು. ಆದರೆ ಬಟ್ಟೆ ಮಾರುಕಟ್ಟೆ ಕಾರ್ಖಾನೆಯಲ್ಲವಲ್ಲ! ಅದೇ ಕಾಯ್ದೆಯ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಸೀಸದ ವಿಷವಿತ್ತು, ಸಿಲಿಕೋಸಿಸ್ ಇತ್ತು, ಗದ್ದಲದಿಂದ ಬಂದ ಕಿವುಡೂ ಇತ್ತು. ಹೊರೆ ಹೊತ್ತು ಸವೆದ ಬೆನ್ನಿರಲಿಲ್ಲ. ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಇರುವುದು ಅಹಮದಾಬಾದಿನಲ್ಲೇ ಎಂಬುದನ್ನು ನೆನೆದರೆ ನಗು ಬರುತ್ತದೆ, ಒಳ್ಳೆಯ ನಗುವಲ್ಲ.

ಬರೀ ತೂಕ ನೋಡಿದರೂ ಅಪಾಯದ ಅಂದಾಜು ಸಿಗುವುದಿಲ್ಲ. ಅಮೆರಿಕದಲ್ಲಿ 1991ರಲ್ಲಿ ಪರಿಷ್ಕರಿಸಿದ ಎತ್ತುವಿಕೆಯ ಸೂತ್ರವೊಂದಿದೆ. ಎಲ್ಲವೂ ಅನುಕೂಲವಾಗಿದ್ದಾಗ, ಅಂದರೆ ಹೊರೆ ಮೈಗೆ ಹತ್ತಿರ, ಸೊಂಟದ ಆಸುಪಾಸಿನ ಎತ್ತರದಲ್ಲಿ ಇದ್ದಾಗ ಅದರ ಮಿತಿ 23 ಕೆ.ಜಿ. ಗೋದಾಮಿನಲ್ಲಿ ಹಮಾಲಿ ಮಾಡುವುದನ್ನು ನೋಡಿ: ಅಟ್ಟಿಯ ಹಿಂದಿನ ಸಾಲಿನ ಚೀಲಕ್ಕೆ ಬಾಗಿ ಕೈ ಚಾಚುತ್ತಾನೆ, ನೆಲದಿಂದ ಮೇಲೆತ್ತುತ್ತಾನೆ, ಕಾಲು ಕದಲಿಸದೆ ಸೊಂಟವನ್ನಷ್ಟೇ ಲಾರಿಯ ಕಡೆ ತಿರುಗಿಸುತ್ತಾನೆ. ಕೈ ಅರ್ಧ ಮೀಟರ್ ಮುಂದೆ ಚಾಚಿದ್ದಕ್ಕೇ ಮಿತಿ 11.5ಕ್ಕೆ ಇಳಿಯಿತು. ನೆಲದಿಂದ ಎತ್ತಿ 45 ಡಿಗ್ರಿ ತಿರುಗಿದರೆ ಎಂಟು ಕೆ.ಜಿ.ಯೂ ಉಳಿಯದು. ಅವನ ಕೈಯಲ್ಲಿರುವುದು 50 ಕೆ.ಜಿ. ಸಿಮೆಂಟು.

'ಬೆನ್ನು ಬಗ್ಗಿಸಬೇಡ, ಮಂಡಿ ಬಗ್ಗಿಸು' ಎಂಬ ತರಬೇತಿ ಕೊಟ್ಟು ಕೈತೊಳೆದುಕೊಳ್ಳುವುದು ಮಾಲೀಕರಿಗೆ ಸುಲಭ. ಅಂಥ ಬೋಧನೆಯಿಂದ ಬೆನ್ನುನೋವು ತಪ್ಪುತ್ತದೆ ಎನ್ನಲು ಆಧಾರ ಸಿಗಲಿಲ್ಲವೆಂದು 2011ರ ಕಾಕ್ರೇನ್ ವಿಮರ್ಶೆ ಹೇಳಿದೆ. ಚೀಲಕ್ಕಿಷ್ಟು ಎಂದು ಕೂಲಿ ಪಡೆಯುವವನು ಪ್ರತಿ ಸಲ ಮಂಡಿಯೂರಿ ಕೂತೆದ್ದರೆ ಸಂಜೆಯ ಗಳಿಕೆ ಏನಾಗಬೇಕು? ಅಪಾಯದ ಪಟ್ಟಿ ಬರೆಯುವವರು ಕೂಲಿಯ ಲೆಕ್ಕವನ್ನು ಬರೆಯದೆ ಬಿಟ್ಟರೆ ಆ ಪಟ್ಟಿ ಗೋಡೆಗೆ ಅಂಟಿಸಲಷ್ಟೇ ಲಾಯಕ್ಕು.

ವಡೋದರದಂಥ ರಾಸಾಯನಿಕ ಕಾರ್ಖಾನೆಗಳ ಊರಿನಲ್ಲಿ 200 ಲೀಟರ್ ಡ್ರಮ್ಮಿಗೆ ಟ್ರಾಲಿ ಇರುತ್ತದೆ, ಫೋರ್ಕ್‌ಲಿಫ್ಟ್ ಇರುತ್ತದೆ. ಅದನ್ನು ಯಾರೂ ಎತ್ತಲಾರರು, ಹಾಗಾಗಿ ಯಂತ್ರ ಬಂತು. ಚೀಲವನ್ನು ಹೇಗೋ ಎತ್ತಬಹುದು, ಅದಕ್ಕೇ ಅದು ಮನುಷ್ಯನ ಹೆಗಲಿಗೆ ಬಿತ್ತು. ಬ್ರಿಟನ್ನಿನಲ್ಲಿ ಸಿಮೆಂಟ್ ಚೀಲ ಸಾಮಾನ್ಯವಾಗಿ 25 ಕೆ.ಜಿ.ಯದು. ಅಲ್ಲಿನವರ ಬೆನ್ನುಮೂಳೆ ಬೇರೆ ಜಾತಿಯದಲ್ಲ.

ಯಶವಂತಪುರದ ಎಪಿಎಂಸಿಯಾಗಲಿ ಹುಬ್ಬಳ್ಳಿಯ ಅಮರಗೋಳದ ಮಾರುಕಟ್ಟೆಯಾಗಲಿ, ಗುಜರಾತಿನ ಮಾರುಕಟ್ಟೆಗಳಿಗಿಂತ ಬೇರೆಯಲ್ಲ. ಹೊರುವವನಿಗೆ ಬುದ್ಧಿ ಹೇಳುವುದನ್ನು ಬಿಟ್ಟು, ಕಟ್ಟುವವನನ್ನು ಕೇಳಬೇಕು. ಸೂರತ್ತಿನಿಂದ ಸರಕು ತರಿಸುವ ನಮ್ಮ ವ್ಯಾಪಾರಿಗಳು ಮುಂದಿನ ಆರ್ಡರಿನಲ್ಲಿ ಎರಡು ಸಾಲು ಸೇರಿಸಲಿ: ಪಾರ್ಸೆಲ್ 25 ಕೆ.ಜಿ. ಮೀರಬಾರದು, ಹಮಾಲಿ ಕೂಲಿ ಪಾರ್ಸೆಲ್ಲಿಗಿಷ್ಟು ಎಂದಲ್ಲ, ತೂಕದ ಲೆಕ್ಕದಲ್ಲಿ. ಎರಡನೆಯದಿಲ್ಲದೆ ಮೊದಲನೆಯದನ್ನು ಮಾತ್ರ ಕೇಳಬೇಡಿ. ಅವನು ಎರಡು ಪಾರ್ಸೆಲ್ಲನ್ನು ಒಟ್ಟಿಗೆ ಹೊರುತ್ತಾನೆ.