ದಾದಾಭಾಯಿ ನವರೋಜಿ ರಸ್ತೆ: ಕಮಾನಿನ ಕೆಳಗಿನ ನೆಲ ಯಾರದು?

ಮುಂಬಯಿಯ ಭೂಗತ ಮೆಟ್ರೋ-3ರ ಕೊನೆಯ ಹಂತ 2025ರ ಅಕ್ಟೋಬರ್‌ನಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡಿತು. ಆರೆಯಿಂದ ಕಫ್ ಪರೇಡ್‌ವರೆಗೆ 33.5 ಕಿ.ಮೀ. ಉದ್ದದ ಈ ಮಾರ್ಗದ 27 ನಿಲ್ದಾಣಗಳಲ್ಲಿ ಎರಡು, ಅಂದರೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಮತ್ತು ಹುತಾತ್ಮ ಚೌಕ, ದಾದಾಭಾಯಿ ನವರೋಜಿ ರಸ್ತೆಗೆ ಸೇರಿದವು. 37 ಸಾವಿರ ಕೋಟಿ ರೂಪಾಯಿಗೂ ಮಿಕ್ಕಿದ ಈ ಯೋಜನೆಯ ಬಗ್ಗೆ ಪತ್ರಿಕೆಗಳಲ್ಲಿ ಸಾಕಷ್ಟು ಚರ್ಚೆಯಾಗಿದೆ. ಆದರೆ ನೆಲದಡಿಯಿಂದ ಮೇಲೆ ಬಂದ ಪ್ರಯಾಣಿಕ ಮುಂದೆ ಎಲ್ಲಿ ನಡೆಯಬೇಕು ಎಂಬ ಪ್ರಶ್ನೆಗೆ ಅಷ್ಟು ಮಹತ್ವ ದೊರೆತಂತಿಲ್ಲ. ಫೋರ್ಟಿನ ಕಚೇರಿ, ಬ್ಯಾಂಕು, ನ್ಯಾಯಾಲಯಗಳಿಗೆ ದಿನವೂ ಹೋಗಿಬರುವ ಕುಟುಂಬಗಳು ನಮ್ಮ ಕನ್ನಡ ಸಮಾಜದಲ್ಲಿ ಬಹಳಷ್ಟಿವೆ. ಆದ್ದರಿಂದ ಈ ಒಂದು ರಸ್ತೆಯ ಪೂರ್ವಾಪರವನ್ನು ಇಲ್ಲಿ ಪರಿಶೀಲಿಸುವುದು ಉಚಿತವೆಂದು ಭಾವಿಸುತ್ತೇವೆ.

ಕ್ರಾಫರ್ಡ್ ಮಾರ್ಕೆಟ್‌ನಿಂದ ಹೊರಟು, ವಿ.ಟಿ.ಯ ಮುಂದೆ ಹಾದು, ಹುತಾತ್ಮ ಚೌಕದಲ್ಲಿ ಮುಗಿಯುವ ಈ ರಸ್ತೆಯ ಉದ್ದ ಎರಡು ಕಿಲೋಮೀಟರಿಗಿಂತ ಕಡಿಮೆ. (ಸರಕಾರಿ ಹೆಸರು ಎರಡು ಬಾರಿ ಬದಲಾದರೂ ನಮ್ಮ ಬಾಯಲ್ಲಿ ಅದು ಇನ್ನೂ ವಿ.ಟಿ.ಯೇ.) ಇಂಗ್ಲಿಷರ ಕೋಟೆಯ ಗೋಡೆ ಇದ್ದ ಕಾಲದಲ್ಲಿ ಪಶ್ಚಿಮದ ದ್ವಾರವಾದ ಚರ್ಚ್‌ಗೇಟ್ ಇದ್ದದ್ದು ಇಂದಿನ ಫ್ಲೋರಾ ಕಾರಂಜಿಯ ಬಳಿಯಲ್ಲಿ. ಗವರ್ನರ್ ಬಾರ್ಟಲ್ ಫ್ರಿಯರ್ 1860ರ ದಶಕದಲ್ಲಿ ಆ ಗೋಡೆಯನ್ನು ಕೆಡವಿಸಿದ ಮೇಲೆ, ಗೋಡೆ ಮತ್ತು ಅದರ ಹೊರಗಿನ ಬಯಲು ನಗರಕ್ಕೆ ದಕ್ಕಿತು. ಹೊಸ ರಸ್ತೆಗಳು ಮೂಡಿದವು. 1864ರಲ್ಲಿ ಕಾರಂಜಿ ಬಂತು. 1771ರಿಂದ 1784ರವರೆಗೆ ಗವರ್ನರ್ ಆಗಿದ್ದ ವಿಲಿಯಂ ಹಾರ್ನ್‌ಬಿಯ ನೆನಪಿಗೆ ಈ ರಸ್ತೆ ಹಾರ್ನ್‌ಬಿ ರೋಡ್ ಎನಿಸಿಕೊಂಡಿತು. ಅನಂತರ ಒಂದೊಂದಾಗಿ ದೊಡ್ಡ ಕಟ್ಟಡಗಳು ತಲೆಯೆತ್ತಿದವು. ಎಫ್. ಡಬ್ಲ್ಯು. ಸ್ಟೀವನ್ಸ್ ವಿನ್ಯಾಸದ ವಿಕ್ಟೋರಿಯಾ ಟರ್ಮಿನಸ್‌ನ ಕೆಲಸ 1878ರಲ್ಲಿ ಆರಂಭವಾಗಿ ಹತ್ತು ವರ್ಷ ನಡೆಯಿತು. ಎದುರಿನ ಮಹಾನಗರಪಾಲಿಕೆಯ ಕಟ್ಟಡ 1893ರದು, ಅದೂ ಅವರದೇ ಕೃತಿ.

ಆದರೆ ಈ ರಸ್ತೆಯ ವೈಶಿಷ್ಟ್ಯವಿರುವುದು ಗುಮ್ಮಟಗಳಲ್ಲಿ ಅಲ್ಲ, ಗುಮ್ಮಟಗಳ ಕೆಳಗೆ. 1896ರ ಸರಕಾರಿ ನಿಯಮವೊಂದು, ಈ ರಸ್ತೆಗೆ ಮುಖಮಾಡಿ ಕಟ್ಟುವವರು ನೆಲ ಅಂತಸ್ತಿನಲ್ಲಿ ದಾರಿಹೋಕರಿಗಾಗಿ ಕಮಾನುಗಳ ಮೊಗಸಾಲೆ ಬಿಡಬೇಕೆಂದು ವಿಧಿಸಿತು. ಮೇಲಿನ ಅಂತಸ್ತುಗಳಲ್ಲಿ ಒಬ್ಬ ಮಾಲೀಕ ಗಾಥಿಕ್ ಶೈಲಿಯನ್ನು ಅನುಸರಿಸಿದ, ಇನ್ನೊಬ್ಬ ಗ್ರೀಕ್ ಕಂಬಗಳನ್ನು ನಿಲ್ಲಿಸಿದ, ಮತ್ತೊಬ್ಬ ಮೊಗಲರ ಗುಮ್ಮಟವನ್ನು ನೆನಪಿಸಿದ. ಕೆಳಗೆ ಮಾತ್ರ ಎಲ್ಲರೂ ಒಂದೇ ಸಾಲಿಗೆ ಬಂದರು. ಜೂನ್ ತಿಂಗಳ ಮಳೆಗೂ ಮೇ ತಿಂಗಳ ಬಿಸಿಲಿಗೂ ಛತ್ರಿ ಬಿಚ್ಚದೆ ನಡೆಯಬಹುದಾದ ದಾರಿ ಹೀಗೆ ಸಿದ್ಧವಾಯಿತು. ನಮ್ಮ ಊರಮನೆಗಳ ಜಗಲಿಯನ್ನು ಕಂಡವರಿಗೆ ಇದರ ಮರ್ಮ ಬೇಗ ತಿಳಿದೀತು: ಜಗಲಿ ಮನೆಯವರದೇ ಆದರೂ ದಾರಿಯಲ್ಲಿ ಬಂದವನು ಅಲ್ಲಿ ಕೂರಲು ಅಪ್ಪಣೆ ಕೇಳಬೇಕಿಲ್ಲ. ಊರಿನಲ್ಲಿ ರೂಢಿಯಿಂದ ನಡೆಯುತ್ತಿದ್ದುದನ್ನು ಇಲ್ಲಿ ಕಾಯಿದೆಯ ಮೂಲಕ ನಡೆಸಿದರು, ಅಷ್ಟೇ ವ್ಯತ್ಯಾಸ. ಅದೇ 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. ಎರಡು ವರ್ಷಗಳ ಬಳಿಕ ಸ್ಥಾಪನೆಯಾದ ಇಂಪ್ರೂವ್‌ಮೆಂಟ್ ಟ್ರಸ್ಟ್ ಕಿಕ್ಕಿರಿದ ಬಸ್ತಿಗಳನ್ನು ಒಡೆದು ರಸ್ತೆಗಳನ್ನು ಅಗಲಿಸಿತು. ಹಾರ್ನ್‌ಬಿ ರೋಡಿನಲ್ಲಿ ಯಾರನ್ನೂ ಒಕ್ಕಲೆಬ್ಬಿಸದೆ, ನೆಲ ಅಂತಸ್ತಿನ ಒಂದು ಪಟ್ಟಿಯನ್ನಷ್ಟೇ ಕೇಳಿ ಪಡೆದದ್ದು ನಮಗೆ ಹೆಚ್ಚು ಜಾಣತನದ ಕೆಲಸವೆಂದು ತೋರುತ್ತದೆ.

ಕನ್ನಡಿಗರಿಗೂ ಈ ಪರಿಸರಕ್ಕೂ ಇರುವ ನಂಟು ಹಳೆಯದು. ಘಟ್ಟದ ಮೇಲಿನಿಂದ ಬಂದವರು ರೈಲಿನಲ್ಲಿ ವಿ.ಟಿ.ಗೆ ಇಳಿದರು, ಕರಾವಳಿಯವರು ಹಡಗಿನಲ್ಲಿ ಬಂದಿಳಿದರು. ಹಗಲು ಫೋರ್ಟಿನ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ಸಂಜೆ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ಹುಡುಗರು ಮುಂದೆ ಗುಮಾಸ್ತರಾದರು, ವಕೀಲರಾದರು, ಹೋಟೆಲ್ ಮಾಲೀಕರಾದರು. ದಕ್ಷಿಣ ಕನ್ನಡ ಮತ್ತು ಉಡುಪಿಯ ನೆಲದಲ್ಲಿ ಹುಟ್ಟಿದ ಬ್ಯಾಂಕುಗಳೂ ಇದೇ ಪ್ರದೇಶದಲ್ಲಿ ಶಾಖೆ ತೆರೆದವು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋದವು. ಮೂರು ಪರಿಚಿತ ಹೆಸರುಗಳು ಹೀಗೆ ಬೀದಿಯಿಂದ ಅಳಿದವು. ಬ್ಯಾಂಕಿನಲ್ಲೇ ಆಯುಷ್ಯ ಸವೆಸಿದ ನಮ್ಮಂಥವರಿಗೆ ಇದನ್ನು ಬರೆಯುವಾಗ ಲೇಖನಿ ಒಂದಿಷ್ಟು ನಿಧಾನವಾಗುತ್ತದೆ.

ಫಲಕಗಳ ಮಾತು ಬಂದದ್ದರಿಂದ ಒಂದು ಒಳ್ಳೆಯ ಪ್ರಸಂಗವನ್ನೂ ಹೇಳಬೇಕು. 1995ರಲ್ಲಿ ಮುಂಬಯಿಗೆ ಪಾರಂಪರಿಕ ಕಟ್ಟಡಗಳ ರಕ್ಷಣಾ ನಿಯಮಗಳು ಜಾರಿಯಾದರೂ, ನವರೋಜಿ ರಸ್ತೆಯ ಕಮಾನುಗಳು ಅಂಗಡಿಗಳ ಬೃಹತ್ ಫಲಕಗಳ ಹಿಂದೆ ಮರೆಯಾಗಿದ್ದವು. ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ ಈ ರಸ್ತೆಯ ಅಧ್ಯಯನ ನಡೆಸಿ, ಫಲಕ ಎಷ್ಟಿರಬೇಕು, ಕಟ್ಟಡದ ಯಾವ ಭಾಗದಲ್ಲಿರಬೇಕು ಎಂಬ ಮಾರ್ಗಸೂಚಿಯನ್ನು ರೂಪಿಸಿದರು. ಅಂಗಡಿಯವರೂ ಕಟ್ಟಡದವರೂ ಸಹಕರಿಸಿದರು, ಕಮಾನುಗಳು ಮತ್ತೆ ಕಣ್ಣಿಗೆ ಬಿದ್ದವು. 2004ರಲ್ಲಿ ಈ ಕಾರ್ಯಕ್ಕೆ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪರಂಪರೆ ಪ್ರಶಸ್ತಿಗಳಲ್ಲಿ ಮನ್ನಣೆ ದೊರೆಯಿತು. ಅದೇ ವರ್ಷ ವಿ.ಟಿ. ವಿಶ್ವ ಪರಂಪರೆಯ ತಾಣವೂ ಆಯಿತು.

ಕಣ್ಣಿನ ಎತ್ತರದಲ್ಲಿ ಸಾಧ್ಯವಾದದ್ದು ಕಾಲಿನ ಕೆಳಗೆ ಸಾಧ್ಯವಾಗಲಿಲ್ಲ. 1874ರಲ್ಲಿ ಮುಂಬಯಿಗೆ ಕುದುರೆ ಟ್ರಾಮ್ ಬಂತು, 1907ರಲ್ಲಿ ವಿದ್ಯುತ್ ಟ್ರಾಮ್. ಆಗ ಜನ ನೆಲದ ಮೇಲೆಯೇ ಹತ್ತಿ ಇಳಿಯುತ್ತಿದ್ದರು. 1964ರ ಮಾರ್ಚ್ 31ರಂದು ಟ್ರಾಮ್ ನಿಂತ ಮೇಲೆ ರಸ್ತೆಯ ನಡುಭಾಗ ಪೂರ್ತಿಯಾಗಿ ಮೋಟಾರು ವಾಹನಗಳಿಗೆ ಹೋಯಿತು. 2002ರಲ್ಲಿ ಭಾಯ್‌ಖಳಾ ಕಡೆಯಿಂದ ಬರುವ ಜೆ.ಜೆ. ಮೇಲುಸೇತುವೆ ತೆರೆದುಕೊಂಡಿತು. ಮೊಹಮ್ಮದಾಲಿ ರಸ್ತೆಯ ಇಕ್ಕಟ್ಟಿನಲ್ಲಿ ತಡೆದು ತಡೆದು ಬರುತ್ತಿದ್ದ ಕಾರುಗಳು ಅಂದಿನಿಂದ ಕ್ರಾಫರ್ಡ್ ಮಾರ್ಕೆಟ್ ದಾಟಿ ಒಮ್ಮೆಲೇ ಈ ರಸ್ತೆಗೆ ಇಳಿಯತೊಡಗಿದವು. ವಾಹನಗಳಿಗೆ ಹೀಗೆ ಮೇಲಿನ ದಾರಿ ದೊರೆತಾಗ ಪಾದಚಾರಿಗೆ ತೋರಿಸಿದ್ದು ವಿ.ಟಿ. ಎದುರಿನ ಸಬ್‌ವೇಯನ್ನು ಮತ್ತು ಉತ್ತರದಲ್ಲಿ ಟೈಮ್ಸ್ ಕಟ್ಟಡದ ಬಳಿಯ ಕಾಲುಸೇತುವೆಯನ್ನು. ಇಷ್ಟು ವಾಹನಗಳ ನಡುವೆ ಜನರನ್ನು ನೆಲದ ಮೇಲೆ ಬಿಟ್ಟರೆ ಅಪಘಾತವಾದೀತು ಎಂಬ ವಾದ ಸುಳ್ಳಲ್ಲ. ಆದರೆ ಮೆಟ್ಟಿಲು ಹತ್ತಿ ಇಳಿಯುವ ಶ್ರಮ ಪ್ರತಿ ಬಾರಿಯೂ ನಡೆಯುವವನ ಪಾಲಿಗೇ ಬರಬೇಕೇಕೆ? ಮೊಣಕಾಲು ನೋವಿನ ಹಿರಿಯರಿಗೆ, ಕೈಯಲ್ಲಿ ಮಗು ಹಿಡಿದ ತಾಯಂದಿರಿಗೆ ಈ ಪ್ರಶ್ನೆಯನ್ನು ವಿವರಿಸಬೇಕಾಗಿಲ್ಲ.

ಆ ಕಾಲುಸೇತುವೆಯೇ 2019ರ ಮಾರ್ಚ್ 14ರ ಸಂಜೆ, ಕಚೇರಿ ಬಿಟ್ಟ ಜನ ರೈಲು ಹಿಡಿಯುವ ಹೊತ್ತಿಗೆ ಕುಸಿಯಿತು. ಕನಿಷ್ಠ ಆರು ಮಂದಿ ಸತ್ತರು, ಮೂವತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಸತ್ತವರಲ್ಲಿ ಆಸ್ಪತ್ರೆಯ ಕೆಲಸಕ್ಕೆ ಹೊರಟಿದ್ದ ದಾದಿಯರೂ ಇದ್ದರು. ಅದಕ್ಕೆ ಮೊದಲು ನಡೆದ ಪರಿಶೀಲನೆಯಲ್ಲಿ ಸೇತುವೆ ಬಳಕೆಗೆ ಯೋಗ್ಯ, ಸಣ್ಣಪುಟ್ಟ ದುರಸ್ತಿ ಸಾಕು ಎಂದು ವರದಿಯಾಗಿತ್ತು. ಆಡಿಟ್ ಎಂಬ ಶಬ್ದದ ತೂಕವನ್ನು ಬಲ್ಲ ನಾವು ಆ ವರದಿಯ ಸುದ್ದಿ ಓದಿ ಬಹಳ ದಿನ ಅಸ್ವಸ್ಥರಾಗಿದ್ದೆವು. ಹೊಸ ಸೇತುವೆ ತೆರೆದದ್ದು 2023ರ ಮಾರ್ಚ್ ಕೊನೆಯಲ್ಲಿ. ನಡುವಿನ ನಾಲ್ಕು ವರ್ಷ ಜನ ಕೆಳಗಿನ ರಸ್ತೆಯನ್ನು ದಾಟಿಯೇ ನಿಲ್ದಾಣ ಸೇರಿದರು. ನೆಲದ ಮೇಲೆ ದಾಟುವುದು ಅಸಾಧ್ಯವೆನ್ನುವವರು ಆ ನಾಲ್ಕು ವರ್ಷಗಳ ಅನುಭವವನ್ನಾದರೂ ಗಣನೆಗೆ ತೆಗೆದುಕೊಳ್ಳಬೇಕಿತ್ತು.

ಮೆಟ್ರೋ ಕಾಮಗಾರಿಯ ಕಾಲದಲ್ಲಿ ಕಟ್ಟಡಗಳ ಕಾಳಜಿ ನಡೆದದ್ದು ನಿಜ. 2015ರಲ್ಲಿ ಯುನೆಸ್ಕೋ ಪ್ರಶಸ್ತಿ ಪಡೆದ ಜೆ. ಎನ್. ಪೆಟಿಟ್ ಗ್ರಂಥಾಲಯದ ಕಟ್ಟಡದಿಂದ 2017ರಲ್ಲಿ ಕಲ್ಲಿನ ಭಾಗವೊಂದು ಕಳಚಿಬಿದ್ದಾಗ ವಿಷಯ ಹೈಕೋರ್ಟಿಗೆ ಹೋಗಿ, ಆ ಸುತ್ತಿನ ಕೆಲಸ ಕೆಲ ಕಾಲ ನಿಂತಿತು. ತಜ್ಞರ ನಿಗಾದಲ್ಲಿ ಅದು ಮುಂದುವರಿಯಿತು. ಕಲ್ಲಿಗೆ ದೊರೆತ ಈ ನಿಗಾ ಕಾಲ್ದಾರಿಗೆ ದೊರೆಯಲಿಲ್ಲವೆಂಬುದೇ ನಮ್ಮ ಆಕ್ಷೇಪ.

ಇನ್ನು ಫೇರಿವಾಲಾಗಳ ವಿಷಯ. ಕಮಾನಿನ ಕೆಳಗಿನ ದಾರಿಯನ್ನು ಅವರು ಆಕ್ರಮಿಸಿದ್ದಾರೆಂದು ನಮ್ಮ ಮನೆಗಳಲ್ಲಿ ಎಲ್ಲರೂ ದೂರುತ್ತೇವೆ, ಅಲ್ಲಿಯೇ ಚೌಕಾಸಿ ಮಾಡಿ ಚಾರ್ಜರು, ಬೆಲ್ಟು ಕೊಳ್ಳುತ್ತೇವೆ. ಬೀದಿ ವ್ಯಾಪಾರಿಗಳ ಕಾಯಿದೆ 2014ರಲ್ಲಿ ಬಂತು. ನಿಲ್ದಾಣಗಳಿಂದ 150 ಮೀಟರ್ ಒಳಗೆ ವ್ಯಾಪಾರ ಕೂಡದೆಂದು ಬಾಂಬೆ ಹೈಕೋರ್ಟ್ 2017ರ ನವೆಂಬರ್‌ನಲ್ಲಿ ಹೇಳಿತು. ಆದರೆ ಅವರು ಕೂರಬೇಕಾದ ಸ್ಥಳವನ್ನು ನಿರ್ಧರಿಸುವಲ್ಲಿ ದನಿಯಾಗಬೇಕಿದ್ದ ನಗರ ಮಾರಾಟ ಸಮಿತಿಗೆ ವ್ಯಾಪಾರಿಗಳ ಪ್ರತಿನಿಧಿಗಳ ಚುನಾವಣೆ ನಡೆದದ್ದು 2024ರಲ್ಲಿ. ಹತ್ತು ವರ್ಷ ಜಾಗ ತೋರಿಸದೆ, ಇರುವ ಜಾಗದಿಂದ ಏಳು ಎನ್ನುವುದರಿಂದ ಕಮಾನು ತೆರವಾಗದು. ಪಾಲಿಕೆಯ ಗಾಡಿ ಬಂದಾಗ ಗಂಟು ಕಟ್ಟುತ್ತಾರೆ, ಗಾಡಿ ಹೋದ ಮೇಲೆ ಬಿಚ್ಚುತ್ತಾರೆ.

ನಗರಸೇವಕರ ಅವಧಿ 2022ರ ಮಾರ್ಚ್‌ನಲ್ಲಿ ಮುಗಿದ ಮೇಲೆ ಪಾಲಿಕೆ ವರ್ಷಗಟ್ಟಲೆ ಆಡಳಿತಾಧಿಕಾರಿಯ ಕೈಯಲ್ಲಿತ್ತು. ಮೆಟ್ರೋ ದ್ವಾರಗಳ ಸುತ್ತಲಿನ ನೆಲ ಹೇಗಿರಬೇಕೆಂಬುದು ಗಟ್ಟಿಯಾಗುತ್ತಿದ್ದ ಆ ವರ್ಷಗಳಲ್ಲಿ ಪ್ರಶ್ನೆ ಕೇಳಲು ವಾರ್ಡಿನಲ್ಲಿ ಚುನಾಯಿತರೇ ಇರಲಿಲ್ಲ. ಈಗ ಕೇಳಬೇಕಾದದ್ದು ದೊಡ್ಡದೇನಲ್ಲ. ವಿ.ಟಿ. ಮತ್ತು ಪಾಲಿಕೆ ಕಟ್ಟಡದ ನಡುವೆ, ಸಿಗ್ನಲ್ ಸಹಿತ, ವೃದ್ಧರೊಬ್ಬರು ನಿಧಾನವಾಗಿ ದಾಟಲು ಸಾಲುವಷ್ಟು ಸಮಯವಿರುವ ಅಗಲವಾದ ದಾಟುದಾರಿ ಬೇಕು. ಅಲ್ಲಿಂದ ಹುತಾತ್ಮ ಚೌಕದವರೆಗೆ ಕಮಾನಿನೊಳಗೆ ಇಬ್ಬರು ಜೊತೆಯಾಗಿ ನಡೆಯುವಷ್ಟು ಅಗಲವನ್ನು ಗೆರೆ ಎಳೆದು ಬಿಡಿಸಬೇಕು, ಗೆರೆಯ ಆಚೆ ವ್ಯಾಪಾರಿಗೆ ಪರವಾನಗಿ ಸಹಿತ ಸ್ಥಳ ಕೊಡಬೇಕು. ಕಾರು ನಿಲ್ಲಿಸಲು ಬಿಟ್ಟ ಅಂಚಿನಿಂದ ಆ ಸ್ಥಳ ಹುಟ್ಟಬಹುದು. ಈ ಬೇಡಿಕೆ ಮಂಡಿಸಬೇಕಾದ ಪಾಲಿಕೆಯ ಮುಖ್ಯ ಕಚೇರಿ ಇರುವುದೂ ಇದೇ ರಸ್ತೆಯಲ್ಲಿ, ರೈಲು ನಿಲ್ದಾಣದ ನೇರ ಎದುರಿಗೆ.